ಸೋಡಿಯಂ ಮನೆಯ ಬೀಗತನ

ಸಿದ್ಧಾರೂಢ ಮಾಸ್ತರ ಇಪ್ಪತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿದ. ಅದನ್ನು ಕಲಿಯುವ ಗೋಜಿಗೆ ಮಾತ್ರ ಹೋಗಲಿಲ್ಲ. ಇಂಥವರು ನಮ್ಮಲ್ಲಿ ಅಪರೂಪವೇನಲ್ಲ. ಅಪರೂಪವಾಗಿದ್ದರೆ ಅವನ ಕತೆ ಹೇಳುವ ಅಗತ್ಯವೂ ಇರುತ್ತಿರಲಿಲ್ಲ.

ಅವನು ಹುಟ್ಟಿದ್ದು ಸಿರಸಂಗಿಯಲ್ಲಿ. ಅಪ್ಪನಿಗೆ ನಾಲ್ಕೆಕರೆ ಕರಿನೆಲ, ಹಟ್ಟಿಯಲ್ಲಿ ಒಂದೇ ಎತ್ತು. ಒಂದೇ ಎತ್ತು ಕಟ್ಟಿಕೊಂಡು ಯಾರೂ ಕೂರಿಗೆ ಹೂಡಲಾರರು. ಪಕ್ಕದ ಮನೆಯ ನಿಜಗುಣಪ್ಪನ ಪಾಡೂ ಅದೇ ಆಗಿತ್ತು. ಹಾಗಾಗಿ ಇಬ್ಬರೂ ತಮ್ಮ ತಮ್ಮ ಎತ್ತು ತಂದು ಒಂದು ನೊಗಕ್ಕೆ ಕಟ್ಟಿದರು. ಆ ಜೋಡಿ ಇಬ್ಬರ ಹೊಲವನ್ನೂ ಬಿತ್ತಿತು. ದನದ ಗಣತಿಯವನು ಬಂದು ಕೇಳಿದಾಗ ಸಿದ್ಧಾರೂಢನ ಅಪ್ಪ "ನಮ್ಮದೊಂದು ಜೋಡಿ ಐತ್ರಿ" ಅಂದ. ನಿಜಗುಣಪ್ಪನೂ "ನಮ್ಮದೊಂದು ಜೋಡಿ" ಅಂದ. ಗಣತಿಯವನು ನಾಲ್ಕು ಎತ್ತು ಬರೆದುಕೊಂಡು ಹೋದ. ಇದ್ದದ್ದು ಎರಡು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ಎರಡು ಮನೆಗಳ ನಡುವೆ ವರ್ಷಕ್ಕೆ ಎರಡು ಸಲವಾದರೂ ಬದುವಿನ ಜಗಳ ನಡೆಯುತ್ತಿತ್ತು. ಆದರೂ ಅವರು ಬೇರೆಯಾಗಲಿಲ್ಲ. ಜೋಡಿ ಮುರಿದರೆ ಇಬ್ಬರ ಹೊಲವೂ ಬೀಳು ಬೀಳುತ್ತಿತ್ತು.

ಎರಡು ಹೈಡ್ರೋಜನ್ ಪರಮಾಣುಗಳು ಒಂದಾಗಿ ಇರುವುದು ಹೀಗೆಯೇ. ಒಂದೊಂದರ ಬಳಿಯೂ ಒಂದೊಂದು ಎಲೆಕ್ಟ್ರಾನು. ಎರಡೂ ಕೂಡಿ ಒಂದು ಜೋಡಿ. ಆ ಜೋಡಿ ಏಕಕಾಲಕ್ಕೆ ಇಬ್ಬರದೂ ಹೌದು. ನಿಜಗುಣಪ್ಪನ ಹಟ್ಟಿಯಲ್ಲಿ ಹಿಂಡಿ ಚೆನ್ನಾಗಿ ಸಿಗುತ್ತಿದ್ದುದರಿಂದ ಎತ್ತುಗಳೆರಡೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಿದ್ದವು. ನೀರಿನಲ್ಲಿ ಆಮ್ಲಜನಕ ಮಾಡುವುದೂ ಅದನ್ನೇ, ಹಂಚಿಕೊಂಡ ಜೋಡಿಯನ್ನು ತನ್ನ ಕಡೆಗೆ ತುಸು ಎಳೆದಿಟ್ಟುಕೊಳ್ಳುತ್ತದೆ. ಇಷ್ಟು ಪಾಠ ಸಿದ್ಧಾರೂಢನ ಕಣ್ಣೆದುರಿಗೇ ಬೆಳಗಾದರೆ ನೊಗ ಹೊತ್ತು ಹೋಗುತ್ತಿತ್ತು. ಅವನು ನೋಡಿದ್ದು ಅಪ್ಪನ ಬಡತನವನ್ನು ಮಾತ್ರ. ಮುಂದೆ ರಾಮದುರ್ಗದಲ್ಲಿ ಮನೆ ಮಾಡಿ, ಅನ್ನಪೂರ್ಣಾಳನ್ನು ಮದುವೆಯಾದಾಗ, ಮಾವನ ಮನೆಯ ಜನರೆದುರು "ನಮ್ಮಪ್ಪನ ಕಾಲಕ್ಕ ಮೂರು ಜೋಡಿ ಇದ್ದೂ" ಅಂದ. ಹೇಳಿ ಹೇಳಿ ಕಡೆಗೆ ಅದನ್ನು ತಾನೇ ನಂಬಿದ.

ಧಾರವಾಡದಲ್ಲಿ ಓದುವಾಗ ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾದ. ಮೂರನೆಯ ಸಲ ಪಾಸಾದದ್ದು ಹೇಗೆಂದು ಪರೀಕ್ಷಕರೂ ಹೇಳಲಾರರು. ಯಾರದೋ ಖಾಸಗಿ ಕ್ಲಾಸಿನ ನೋಟ್ಸನ್ನು ಇಡಿಯಾಗಿ ಇಳಿಸಿಕೊಂಡ ಇನ್ನೂರು ಪುಟದ ಒಂದು ವಹಿ ಅವನ ಹತ್ತಿರ ಇತ್ತು. ನೌಕರಿ ಸಿಕ್ಕಿದ್ದು ಕಟಕೋಳದಿಂದ ಆಚೆಗೆ, ಹೆಸರು ಹೇಳಿ ಪ್ರಯೋಜನವಿಲ್ಲದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ದಿನವೂ ರಾಮದುರ್ಗದಿಂದ ಬಸ್ಸು ಹಿಡಿದು ಹೋಗಿ, ಆ ವಹಿ ಬಿಚ್ಚಿ, ಅದರಲ್ಲಿದ್ದುದನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬರೆಯಿಸಿ, ಮೂರೂವರೆ ಗಂಟೆಯಿಂದ ಬಸ್ಸಿನ ದಾರಿ ಕಾಯುತ್ತಿದ್ದ. ಪಠ್ಯಪುಸ್ತಕ ಮೂರು ಸಲ ಬದಲಾಯಿತು. ವಹಿ ಬದಲಾಗಲಿಲ್ಲ. ಹಳ್ಳಿಯ ಮಕ್ಕಳೆಂದರೆ ಅವನಿಗೆ ತಾತ್ಸಾರ. "ಇವಕ್ಕ ಎಷ್ಟ ಹೇಳಿದ್ರೂ ಕೋಣದ ಮುಂದ ಕಿನ್ನರಿ" ಎನ್ನುತ್ತಿದ್ದ. ಕಿನ್ನರಿಗೆ ತಂತಿಯೇ ಇಲ್ಲವೆಂಬುದು ಕೋಣಕ್ಕೆ ಗೊತ್ತಾದೀತು ಎಂಬ ಹೆದರಿಕೆ ಒಳಗೆ ಇದ್ದೇ ಇತ್ತು.

ಆ ಹೆದರಿಕೆಯೇ ಅವನನ್ನು ಕಲಾವಿದನನ್ನಾಗಿ ಮಾಡಿತು. ಹತ್ತನೆಯ ಇಯತ್ತೆಗೆ ಪರಮಾಣುಗಳು ಹೇಗೆ ಕೂಡಿಕೊಳ್ಳುತ್ತವೆ ಎಂಬ ಪಾಠವಿದೆ. ಆ ಪಾಠದಲ್ಲಿ ಮಕ್ಕಳು "ಯಾಕ್ರಿ?" ಎನ್ನುವುದು ಹೆಚ್ಚು. ಸಿದ್ಧಾರೂಢ ಅದಕ್ಕೊಂದು ಉಪಾಯ ಕಂಡುಕೊಂಡ. ಸೋಡಿಯಂ ಎಂದರೆ ಹೆಣ್ಣಿನ ಮನೆ. ಒಳಕೋಣೆಯಲ್ಲಿ ಎರಡು ಎಲೆಕ್ಟ್ರಾನು, ನಡುಮನೆಯಲ್ಲಿ ಎಂಟು, ಪಡಸಾಲೆಯಲ್ಲಿ ಒಬ್ಬಳೇ ಮಗಳು. ಕ್ಲೋರಿನ್ ಎಂದರೆ ಗಂಡಿನ ಮನೆ. ಅದರ ಪಡಸಾಲೆಯಲ್ಲಿ ಏಳು ಜನ, ಇನ್ನೊಬ್ಬರು ಬಂದರೆ ಎಂಟಾಗಿ ಮನೆ ತುಂಬುತ್ತದೆ. ಸೋಡಿಯಂ ತನ್ನ ಮಗಳನ್ನು ಸಂತೋಷದಿಂದ ಕ್ಲೋರಿನ್ ಮನೆಗೆ ಕೊಡುತ್ತದೆ. ಅಂದಿನಿಂದ ಎರಡೂ ಮನೆಯವರು ಬೀಗರು. ಅದೇ ಉಪ್ಪು. ಇದನ್ನು ಮಾತಿನಲ್ಲಿ ಹೇಳಿ ಮುಗಿಸಿದರೆ ಕಲೆ ಎಲ್ಲಿ ಬಂತು? ಅವನು ಹುಡುಗಿಯೊಬ್ಬಳಿಗೆ ಸೀರೆ ಉಡಿಸಿ, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ ಹಾಕಿಸಿ, ಉಳಿದ ಹುಡುಗಿಯರಿಂದ ಹೆಣ್ಣೊಪ್ಪಿಸುವ ಹಾಡು ಹಾಡಿಸಿ, ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಕಳಿಸಿಕೊಟ್ಟ. ಎಲೆಕ್ಟ್ರಾನು ಅಳುತ್ತ ಹೋಯಿತು. ಯಾರೂ ಯಾಕೆ ಎಂದು ಕೇಳಲಿಲ್ಲ. ತವರುಮನೆಯಿಂದ ಹೆಣ್ಣು ಹೊರಟಾಗ ಯಾಕೆಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಹರಿಬಿಟ್ಟರು. ಒಂದು ವಾರದಲ್ಲಿ ಸವದತ್ತಿ, ಬೈಲಹೊಂಗಲ ದಾಟಿ ಎಲ್ಲೆಲ್ಲಿಗೋ ಹೋಯಿತು. ಕಿತ್ತೂರಿನಿಂದ ಯಾರೋ ಫೋನು ಮಾಡಿ, ತಮ್ಮ ಮನೆಯವರು ಕಣ್ಣೀರು ಹಾಕಿದರೆಂದು ಹೇಳಿದರು. ರಸಾಯನಶಾಸ್ತ್ರಕ್ಕೆ ಕಣ್ಣೀರು ಯಾವ ಕೆಲಸಕ್ಕೆಂದು ಸಿದ್ಧಾರೂಢ ಕೇಳಿಕೊಳ್ಳಲಿಲ್ಲ.

ಶಾಲೆಯಲ್ಲಿ ಇನ್ನೊಬ್ಬ ವಿಜ್ಞಾನ ಶಿಕ್ಷಕಿ ಇದ್ದಳು, ಕೃಷ್ಣವ್ವ. ಎಂಟು, ಒಂಬತ್ತರ ಮಕ್ಕಳು ಅವಳ ಪಾಲಿಗೆ. ಮಕ್ಕಳು ಅಕ್ಕೋರು ಎನ್ನುತ್ತಿದ್ದರು. ಒಣ ಮಾತಿನ ಹೆಂಗಸು. ಹೊಗಳಿಸಿಕೊಳ್ಳಲೆಂದು ಸಿದ್ಧಾರೂಢ ಶಿಕ್ಷಕರ ಕೋಣೆಯಲ್ಲಿ ಅವಳ ಎದುರಿಗೇ ಕುರ್ಚಿ ಎಳೆದುಕೊಂಡು ಕೂತ.

"ಅಕ್ಕೋರ, ನನ್ನ ವಿಡಿಯೋ ನೋಡಿದ್ರೇನ್ರಿ?"

"ನೋಡಿದೆ. ಕ್ಲೋರಿನ್ ಮನ್ಯಾಗ ಮೊದಲ ಏಳು ಮಂದಿ ಸೊಸ್ತ್ಯಾರು ಅದಾರಲ್ರಿ. ಗಂಡಮಕ್ಕಳು ಎಷ್ಟು?"

"ಏ, ಅಷ್ಟು ಆಳಕ್ಕ ಇಳೀಬಾರದ್ರಿ. ಹುಡುಗೂರಿಗೆ ತಿಳದ್ರ ಸಾಕು."

"ಏನು ತಿಳೀತು?"

"ಸೋಡಿಯಂ ಖುಷಿಲೆ ಕೊಡತೈತಿ, ಕ್ಲೋರಿನ್ ಖುಷಿಲೆ ತಗೋತೈತಿ ಅಂತ."

"ಖುಷಿಲೆ ಕೊಡೂದಿಲ್ರಿ. ಕೀಳಬೇಕಾಗತೈತಿ. ಕೀಳಾಕ ಎಷ್ಟು ಶಕ್ತಿ ಬೇಕೋ ಅಷ್ಟು, ಕ್ಲೋರಿನ್ ತಗೊಂಡಾಗ ಹೊರಗ ಬರೂದಿಲ್ಲ. ಕೊರತಿ ಬೀಳತೈತಿ. ಕೊಟ್ಟಿದ್ದು ಪ್ಲಸ್ಸು, ತಗೊಂಡಿದ್ದು ಮೈನಸ್ಸು ಆಗಿ, ಎಲ್ಲಾ ಒಂದಕ್ಕೊಂದು ಎಳಕೊಂಡು ಹರಳು ಕಟ್ಟಿದಾಗ ಆ ಕೊರತಿ ತುಂಬಿ ಬರತೈತಿ. ಬಂಧ ಅಂದ್ರ ಆ ಎಳೆತ. ಕೊಡೂದಲ್ಲ."

ಸಿದ್ಧಾರೂಢ ನಕ್ಕ. ಮದುವೆಯಾಗದ ಹೆಂಗಸಿಗೆ ಬೀಗತನ ಏನು ತಿಳಿಯಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡ. ಅಷ್ಟು ಹೊತ್ತಿಗೆ ಕೃಷ್ಣವ್ವ ಇನ್ನೊಂದು ಕೇಳಿದಳು.

"ಹೈಡ್ರೋಜನ್ನಿಗೆ ಏನು ಮಾಡೀರಿ?"

"ಅದಕ್ಕ ಸಾಟಿ ಮದಿವಿ ಇಟ್ಟೇನ್ರಿ. ಅವರು ನಮಗ ಒಂದು ಹೆಣ್ಣ ಕೊಡೂದು, ನಾವು ಅವರಿಗೆ ಒಂದು ಹೆಣ್ಣ ಕೊಡೂದು."

"ಅದು ಅದಲಿಬದಲಿ ಆತು. ಹಂಚಿಕೊಳ್ಳೂದಂದ್ರ ಎರಡೂ ಇಬ್ಬರವೂ ಆಗಿರಬೇಕು, ಒಂದ ವ್ಯಾಳ್ಯಾಕ. ಒಂದೊಂದ ಎತ್ತಿನವರು ಕೂಡಿ ಕಮತ ಮಾಡೂದು ನೀವು ಎಲ್ಲೂ ನೋಡಿಲ್ಲೇನ್ರಿ?"

ಸಿದ್ಧಾರೂಢನಿಗೆ ಸಂಶಯ ಬಂತು. ಯಾರಾದರೂ ಸಿರಸಂಗಿಯವರು ಹೇಳಿದರೋ ಹೇಗೆ? "ನಮ್ಮ ಮನ್ಯಾಗ ಮೂರು ಜೋಡಿ ಇದ್ದೂರಿ. ಆ ಬಡವರ ರಗಳಿ ನಮಗೇನು ಗೊತ್ತು" ಎಂದು ಎದ್ದು ಹೋದ. ಕೃಷ್ಣವ್ವ ಮತ್ತೆ ವಹಿ ತಿದ್ದಲು ಕೂತಳು. ಅವಳಿಗೆ ಅವನ ಎತ್ತಿನ ಸುದ್ದಿ ಏನೂ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ವರ್ಷ ರಾಮದುರ್ಗದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಒಂದು ಜಾಗ ಖಾಲಿಯಾಯಿತು. ಸಿದ್ಧಾರೂಢ ಅದನ್ನು ಬಯಸಿದ ಹಾಗೆ ಜೀವನದಲ್ಲಿ ಇನ್ನೇನನ್ನೂ ಬಯಸಿರಲಿಲ್ಲ. ಬಸ್ಸಿನ ಕಾಟ ತಪ್ಪುತ್ತದೆ ಎಂದು ಅನ್ನಪೂರ್ಣಾಳಿಗೆ ಹೇಳಿದ. ನಿಜವಾದ ಕಾರಣ ಬೇರೆ. ಅಲ್ಲಿ ಮಕ್ಕಳು ಇರುವುದಿಲ್ಲ. ನಿವೃತ್ತಿಗೆ ಇನ್ನು ಐದು ವರ್ಷ. ಆ ಐದು ವರ್ಷ ಯಾರೂ ಎದ್ದು ನಿಂತು ಏನೂ ಕೇಳದಿದ್ದರೆ, ತನಗೆ ಏನೂ ಗೊತ್ತಿಲ್ಲವೆಂಬುದು ತನ್ನೊಬ್ಬನಿಗೇ ಗೊತ್ತಿದ್ದ ಹಾಗೆ ಮುಗಿದುಹೋಗುತ್ತದೆ. ಇಪ್ಪತ್ತಾರು ವರ್ಷ ಮುಚ್ಚಿಟ್ಟಿದ್ದು ಇನ್ನು ಐದೇ ವರ್ಷ ಮುಚ್ಚಿದ್ದರೆ ಸಾಕು.

ಮೇಲಿನ ಕಚೇರಿಯ ಸಾಹೇಬರು ವಿಡಿಯೋ ನೋಡಿದ್ದರು. "ಒಂದು ಮಾದರಿ ಪಾಠ ಮಾಡಿ ತೋರಿಸ್ರಿ. ನಾನ ಬಂದು ನೋಡತೇನಿ. ಚಲೋ ಆತಂದ್ರ ಆ ಜಾಗ ನಿಮಗ" ಅಂದರು.

ಸಿದ್ಧಾರೂಢ ಹದಿನೈದು ದಿನ ತಯಾರಿ ಮಾಡಿದ. ಮೂವತ್ತನಾಲ್ಕು ಮಕ್ಕಳ ವರ್ಗದಲ್ಲಿ ಮೂವತ್ತು ಮಂದಿಗೆ ವೇಷ. ಸೋಡಿಯಂ ಮನೆಯ ನಡುವೆ ರುಮಾಲು ಸುತ್ತಿದ ಒಬ್ಬ ಹುಡುಗ, ಅವನ ಸುತ್ತ ಹನ್ನೊಂದು ಮಕ್ಕಳು. ಕ್ಲೋರಿನ್ ಮನೆಯ ನಡುವೆಯೂ ಒಂದು ರುಮಾಲು, ಸುತ್ತ ಹದಿನೇಳು. ಮದುಮಗಳಾಗಿ ಮೀನಾ. ಅವಳು ಚೆನ್ನಾಗಿ ಅಳುತ್ತಾಳೆಂದು ಅವಳನ್ನೇ ಆರಿಸಿದ. ಕೇಳಬೇಕಾದ ಎರಡು ಪ್ರಶ್ನೆಗಳನ್ನೂ ಅವುಗಳ ಉತ್ತರವನ್ನೂ ಇಬ್ಬರು ಹುಡುಗರಿಗೆ ಬಾಯಿಪಾಠ ಮಾಡಿಸಿದ. ವೇಷವಿಲ್ಲದ ನಾಲ್ವರಲ್ಲಿ ಮೆಹೆರಾಜ ಒಬ್ಬಳು. ಟಂಟಂ ಗಾಡಿಯಲ್ಲಿ ಊರೂರು ಸುತ್ತಿ ಹರಳುಪ್ಪು ಮಾರುವ ಬುರಾನಸಾಬನ ಮಗಳು. ಈ ಹುಡುಗಿ ಹಿಂದೊಮ್ಮೆ, "ಸರ್ರ, ಹರಳುಪ್ಪು ಒಡದ್ರ ಮತ್ತ ಚೌಕ ಚೌಕಾನ ಆಗತೈತ್ರಿ, ಯಾಕ?" ಎಂದು ಕೇಳಿದ್ದಳು. ಅವನು, "ನಿಮ್ಮಪ್ಪನ ಕೇಳು" ಅಂದಿದ್ದ. ಅಂಥವಳನ್ನು ನಾಟಕದೊಳಗೆ ಸೇರಿಸುವುದು ಬೇಡವೆಂದು ಮೇಜಿನ ಬದಿಗೆ ನಿಲ್ಲಿಸಿ, ಸಾಹೇಬರಿಗೆ ನೀರು ಕೊಡುವ ಕೆಲಸ ಹಚ್ಚಿದ.

ಮೇಜು ಬೋಳಾಗಿ ಕಾಣುತ್ತದೆಂದು ಅವನಿಗೆ ಹಿಂದಿನ ದಿನ ಅನಿಸಿತು. ಪ್ರಯೋಗಶಾಲೆಯ ಕಪಾಟಿನಲ್ಲಿ ಸರ್ಕಾರದಿಂದ ಬಂದ ಡಬ್ಬಿಯೊಂದು ಇತ್ತು. ಅದರಲ್ಲಿ ಕಡ್ಡಿಗಳಿಗೆ ಗುಂಡು ಸಿಕ್ಕಿಸಿ ಮಾಡಿದ ಚೌಕಾಕಾರದ ಒಂದು ಮಾದರಿ. ಬೆಳ್ಳಿ ಬಣ್ಣದ ಗುಂಡು, ಹಸಿರು ಬಣ್ಣದ ಗುಂಡು, ಒಂದು ಬಿಟ್ಟು ಒಂದು, ಒಟ್ಟು ಇಪ್ಪತ್ತೇಳು. ಲಗ್ನದ ಮಂಟಪದ ಹಾಗೆ ಚಂದ ಕಾಣುತ್ತಿತ್ತು. ಧೂಳು ಒರೆಸಿ, ಡಬ್ಬಿಯ ಮೇಲೆಯೇ ಇಟ್ಟು, ಸುತ್ತ ಸೇವಂತಿಗೆ ಹೂ ಹರಡಿದ. ಡಬ್ಬಿಯ ಮೇಲೇನು ಬರೆದಿದೆ ಎಂದು ಓದಲಿಲ್ಲ. ಓದುವ ಚಟ ಅವನಿಗೆ ಯಾವತ್ತೂ ಇರಲಿಲ್ಲ.

ಸಾಹೇಬರು ಬಂದರು. ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷ ಬಸಲಿಂಗಪ್ಪ ಶಾಲು ಹೊದೆಸಿದ. ಊರಿನ ಹೆಂಗಸರು ಕಿಟಕಿಗೆ ಜೋತುಬಿದ್ದರು. ಮೀನಾಳ ಅಜ್ಜಿ ಕೆಂಪವ್ವ ಮಾತ್ರ ಮೊಮ್ಮಗಳ ಪಾರ್ಟು ನೋಡಬೇಕೆಂದು ಒಳಗೇ ಬಂದು, ಗೋಡೆಗೆ ಒರಗಿ ಕೂತಳು. ಕೃಷ್ಣವ್ವ ಬಾಗಿಲ ಬಳಿ ನಿಂತಿದ್ದಳು.

ನಾಟಕ ಒಂದು ಹೆಜ್ಜೆಯೂ ತಪ್ಪದಂತೆ ನಡೆಯಿತು. ಸೋಡಿಯಂ ಮನೆಯವರು ಉಡಿ ತುಂಬಿದರು. ಹುಡುಗಿಯರು ಹಾಡಿದರು. ಮೀನಾ ಮೊದಲೇ ಹೇಳಿಟ್ಟ ಜಾಗದಲ್ಲಿ ಬಿಕ್ಕಿದಳು, ಕ್ಲೋರಿನ್ ಮನೆಯ ಹೊಸಿಲು ದಾಟಿದಳು, ಎಂಟನೆಯವಳಾಗಿ ಕೂತಳು. ಸಾಹೇಬರಿಗೆ ಹೋದ ಬೇಸಗೆಯಲ್ಲಿ ಮಗಳ ಮದುವೆಯಾಗಿತ್ತು. ಅವರು ಕರವಸ್ತ್ರ ತೆಗೆದರು. ಸಿದ್ಧಾರೂಢ ಆ ಕರವಸ್ತ್ರವನ್ನು ಓರೆಗಣ್ಣಿನಿಂದ ನೋಡಿದ. ಜಾಗ ಸಿಕ್ಕಿತು ಎಂದುಕೊಂಡ.

"ಯಾರಿಗರೆ ಏನರೆ ಕೇಳೂದೈತೇನ?" ಎಂದರು ಸಾಹೇಬರು.

ಬಾಯಿಪಾಠದ ಇಬ್ಬರೂ ಎದ್ದು ಕೇಳಿದರು. ಸಿದ್ಧಾರೂಢ ನಗುತ್ತ ಉತ್ತರ ಕೊಟ್ಟ. ಆಗ ಮೇಜಿನ ಬದಿಯಿಂದ ನೀರಿನ ಗ್ಲಾಸು ಹಿಡಿದುಕೊಂಡೇ ಮೆಹೆರಾಜ ಮಾತಾಡಿದಳು.

"ಸರ್ರ, ಈ ಬೆಳ್ಳಿ ಗುಂಡು ಸೋಡಿಯಂ ಅಲ್ರೀ? ಡಬ್ಬಿ ಮ್ಯಾಲ ಬರದೈತ್ರಿ."

"ಹೌದು. ನೀರ ಕೊಟ್ಟು ನಿಂದರು."

"ಹಸರು ಗುಂಡು ಕ್ಲೋರಿನ್. ಉಪ್ಪಿನ ಹರಳು ಒಳಗ ಹಿಂಗ ಇರತೈತಂತ ಬರದೈತ್ರಿ."

"ಹೌದು ಅಂದ್ನೆಲ್ಲ!"

"ನಟ್ಟನಡುವಿನ ಬೆಳ್ಳಿ ಗುಂಡಿಗೆ ಆರು ಹಸರು ಗುಂಡು ಹತ್ಯಾವ್ರಿ. ಮ್ಯಾಲೊಂದು, ಕೆಳಗೊಂದು, ನಾಕ ದಿಕ್ಕಿಗೆ ನಾಕು. ಸೋಡಿಯಂಗ ಇದ್ದಾಕಿ ಒಬ್ಬಾಕಿ ಮಗಳು. ಆಕಿನ್ನ ಒಂದ ಮನೀಗೆ ಕೊಟ್ಟ ಮ್ಯಾಲ, ಉಳದ ಐದು ಮನ್ಯಾರು ಹೆಂಗ ಬೀಗರಾದ್ರರಿ?"

ಸಿದ್ಧಾರೂಢ ಆ ಮಾದರಿಯನ್ನು ಮೊದಲ ಸಲ ನೋಡಿದ. ಎಣಿಸಿದ. ಆರು. ಮತ್ತೊಮ್ಮೆ ಎಣಿಸಿದ. ಸೇವಂತಿಗೆಯ ನಡುವೆ ಕೂತ ಆ ಮಂಟಪ ಮಂಟಪವಲ್ಲ, ತಾನು ಇಪ್ಪತ್ತಾರು ವರ್ಷ ಕಲಿಸಿದ ಉಪ್ಪು ಅದು ಎಂಬುದು ಹೊಳೆಯಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು. ಬಾಗಿಲ ಕಡೆ ನೋಡಿದ. ಕೃಷ್ಣವ್ವ ಅವನನ್ನೇ ನೋಡುತ್ತಿದ್ದಳು. ಕೇಳಿದ್ದರೆ ಹೇಳುತ್ತಿದ್ದಳು. ಅವನು ಕೇಳಲಿಲ್ಲ. "ನನಗ ಗೊತ್ತಿಲ್ಲ, ನೋಡಿ ಹೇಳತೇನಿ" ಎಂದು ಹೇಳಲು ಆರು ಕ್ಷಣವೂ ಬೇಕಾಗಿರಲಿಲ್ಲ. ಆ ಮಾತು ಅವನ ಬಾಯಿಗೆ ರೂಢಿ ಇರಲಿಲ್ಲ. ಸಾಹೇಬರು ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡು, ಉತ್ತರ ಕೇಳಲು ಮುಂದೆ ಬಾಗಿದ್ದರು.

"ಆರೂ ಮನ್ಯಾರೂ ಬೀಗರ" ಎಂದ.

"ಹೆಂಗ್ರಿ ಸರ್ರ?"

"ಹೆಂಗಂದ್ರ... ಹುಡುಗಿ ಒಂದ ಮನ್ಯಾಗ ಇರೂದಿಲ್ಲ. ಆರೂ ಮನೀಗೆ ಹೋಗಿ ಬಂದು ಮಾಡತಾಳ."

ಕೆಂಪವ್ವ ಗೋಡೆ ಹಿಡಿದು ಎದ್ದು ನಿಂತಳು.

"ಏನಂದಿ ಮಾಸ್ತರ? ಇನ್ನೊಮ್ಮೆ ಅನ್ನು."

"ಆಯಿ, ಇದು ವಿಜ್ಞಾನ. ನಿಮಗ ತಿಳಿಯೂದಿಲ್ಲ."

"ತಿಳೀಲಿಲ್ಲೇನ? ಚಲೋ ತಿಳೀತು! ನನ್ನ ಮೊಮ್ಮಗಳಿಗೆ ಸೀರಿ ಉಡಿಸಿ, ಉಡಿ ತುಂಬಿಸಿ, ಊರ ಮಂದಿ ಮುಂದ ಆರು ಮನಿ ತಿರಗಾಕ ಹಚ್ಚತೀಯೇನೋ? ವಿಜ್ಞಾನಂತ ವಿಜ್ಞಾನ! ಅಷ್ಟು ಹೌಸಿದ್ರ ರಾಮದುರ್ಗದಿಂದ ನಿನ್ನ ಹೇಣ್ತಿನ್ನ ಕರಕೊಂಡು ಬಂದು ನಿಂದರಸಬೇಕಿಲ್ಲ?"

ಕಿಟಕಿಯಿಂದ ಒಬ್ಬಳು ಕೂಗಿದಳು, "ಯವ್ವಾ, ಹಸರು ಗುಂಡಿಗೂ ಸುತ್ತ ಬೆಳ್ಳಿ ಗುಂಡ ಅದಾವ ನೋಡ!"

"ಹಂಗಾರ ಆ ಊರಿಗೆ ಊರ ಕೆಟ್ಟೈತಿ" ಎಂದಳು ಇನ್ನೊಬ್ಬಳು.

ನಗೆ ಎದ್ದಿತು. ಮೀನಾ ಕ್ಲೋರಿನ್ ಮನೆಯಿಂದ ಎದ್ದು, ಉಡಿಯ ಅಕ್ಕಿ ಚೆಲ್ಲುತ್ತ, ಈ ಸಲ ನಿಜವಾಗಿ ಅಳುತ್ತ ಹೊರಗೆ ಓಡಿದಳು. ರುಮಾಲಿನ ಹುಡುಗರು ರುಮಾಲು ಬಿಚ್ಚಿ ಒಬ್ಬರಿಗೊಬ್ಬರು ಬಾರಿಸತೊಡಗಿದರು. ಸೋಡಿಯಂ, ಕ್ಲೋರಿನ್ ಎರಡೂ ಮನೆ ಹಾಳಾದವು.

ಹೆಡ್ ಮಾಸ್ತರರ ಕೋಣೆಯಲ್ಲಿ ಪಂಚಾಯಿತಿ ಕೂತಿತು. ಬಸಲಿಂಗಪ್ಪ, "ಈ ಮಾಸ್ತರ ನಮ್ಮ ಸಾಲ್ಯಾಗ ಬ್ಯಾಡ್ರಿ. ನಾಳೆ ಹೆಣ್ಣಹುಡುಗ್ಯಾರನ್ನ ಯಾರೂ ಕಳಸೂದಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ. ಸಿದ್ಧಾರೂಢ ಮೂಲೆಯಲ್ಲಿ ನಿಂತು, ಮಕ್ಕಳನ್ನೂ ಮುದುಕಿಯನ್ನೂ ಇಡೀ ಊರನ್ನೂ ಒಳಗೊಳಗೇ ಬೈಯುತ್ತಿದ್ದ. ಉಪ್ಪನ್ನು ಮಾತ್ರ ಬೈಯಲಿಲ್ಲ. ಅದರ ಮೇಲೆ ಅವನಿಗೆ ಈಗ ಸ್ವಲ್ಪ ಭಯ ಹುಟ್ಟಿತ್ತು.

ಸಾಹೇಬರು ಕೃಷ್ಣವ್ವನ ಕಡೆ ತಿರುಗಿ, "ನೀವರೆ ಈ ಅಜ್ಜಿಗೆ ತಿಳಿಸಿ ಹೇಳ್ರಿ" ಎಂದರು.

"ಆಯಿ," ಎಂದಳು ಕೃಷ್ಣವ್ವ, "ಅಲ್ಲಿ ಮಗಳೂ ಇಲ್ಲ, ಬೀಗರೂ ಇಲ್ಲ. ಒಂದು ಕಳಕೊಂಡೈತಿ, ಒಂದು ಪಡಕೊಂಡೈತಿ. ಕಳಕೊಂಡಿದ್ದೆಲ್ಲಾ ಒಂದು ನಮೂನಿ, ಪಡಕೊಂಡಿದ್ದೆಲ್ಲಾ ಅದಕ್ಕ ವಿರುದ್ಧ ನಮೂನಿ. ವಿರುದ್ಧ ಇದ್ದವು ಎಳಕೋತಾವ. ಯಾರು ಯಾರಿಗೆ ಕೊಟ್ಟಿದ್ರು ಅನ್ನೂದು ಆ ಎಳೆತಕ್ಕ ಸಂಬಂಧಿಲ್ಲ. ಬಾಜೂಕ ಯಾರಿದ್ರೂ ಎಳಕೋತೈತಿ, ಆರೂ ಕಡೀಗೆ."

ಕೆಂಪವ್ವ ಸ್ವಲ್ಪ ಯೋಚಿಸಿದಳು. "ಬೆಲ್ಲಕ್ಕ ಇರಬಿ ಎಲ್ಲಾ ಕಡಿಂದ ಮುತ್ತತಾವಲ್ಲ, ಹಂಗ?"

"ಇರಬೀನೂ ಬ್ಯಾಡ. ಇರಬಿಗೆ ಹಸಿವು ಐತಿ. ಇವಕ್ಕ ಏನೂ ಇಲ್ಲ."

"ಏನೂ ಇಲ್ದ ಎಳಕೋತಾವ?"

"ಏನೂ ಇಲ್ದ."

"ಹಂಗಾರ ಮೊದಲ ಹಂಗ ಅನ್ನಬೇಕಿಲ್ಲ?" ಎಂದಳು ಕೆಂಪವ್ವ ಸಿದ್ಧಾರೂಢನ ಕಡೆ ತಿರುಗಿ. "ಇಷ್ಟ ಹೇಳಾಕ ನಮ್ಮ ಹುಡಿಗಿ ಕಣ್ಣಾಗ ನೀರ ಯಾಕ ತಗದಿ?"

ಪಂಚಾಯಿತಿ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ತಪ್ಪು ಯಾರ ತಲೆಗಾದರೂ ಕಟ್ಟದೆ ಎದ್ದು ಹೋಗುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಇಲ್ಲ. ಮರುದಿನ ಹೆಡ್ ಮಾಸ್ತರರು ಬುರಾನಸಾಬನನ್ನು ಕರೆಸಿ, ಮಗಳು ಸಾಹೇಬರೆದುರು ಅಡ್ಡ ಪ್ರಶ್ನೆ ಕೇಳಿ ಶಾಲೆಯ ಮರ್ಯಾದೆ ಕಳೆದಳೆಂದು ಹೇಳಿದರು. ಅವನು ಟಂಟಂ ಬದಿಗೆ ನಿಲ್ಲಿಸಿ, ಉಪ್ಪಿನ ಕೈ ಲುಂಗಿಗೆ ಒರೆಸಿಕೊಂಡು ನಿಂತ.

"ಏನು ಕೇಳಿದ್ಳರಿ?"

"ಉಪ್ಪಿನ ಬಗ್ಗೆ."

"ಮೂವತ್ತು ವರ್ಷದಿಂದ ಉಪ್ಪ ಮಾರಾಕ ಹತ್ತೇನ್ರಿ, ನನಗ ಗೊತ್ತಿಲ್ಲ. ಗೊತ್ತಿಲ್ಲಂತ ಆಕಿಗೂ ಹೇಳೇನಿ, ಸಾಲ್ಯಾಗ ಕೇಳು ಅಂದೇನಿ. ನಿಮಗೂ ಗೊತ್ತಿಲ್ಲಂದ್ರ ಹಂಗ ಅನ್ರಿ. ಅದಕ್ಕ ಡೀಸಲ್ ಸುಟಗೊಂಡು ನಾ ಯಾಕ ಬರಬೇಕ್ರಿ?"

ಹೆಡ್ ಮಾಸ್ತರರು ಹಾಜರಿ ವಹಿ ಬಿಚ್ಚಿಕೊಂಡರು. ಅಲ್ಲೇ ನಿಂತಿದ್ದ ಸಿದ್ಧಾರೂಢ ಕಿಟಕಿಯಾಚೆ ಬಸ್ಸಿನ ದಾರಿ ನೋಡಿದ. ಜಾಗ ಹೋಯಿತೆಂದೇ ಅವನಿಗೆ ಅನಿಸಿತ್ತು. ಆ ರಾತ್ರಿ ಅನ್ನಪೂರ್ಣಾ, "ಏನಾತ್ರಿ?" ಎಂದು ಕೇಳಿದಾಗ, "ಹಳ್ಳಿ ಮಂದಿ, ತಿಳುವಳಿಕಿ ಇಲ್ಲ" ಎಂದು ಮಗ್ಗುಲಾದ. ಪಠ್ಯಪುಸ್ತಕದ ಅದೇ ಪಾಠದಲ್ಲಿ, ಚಿತ್ರದ ಕೆಳಗೆ, ಉಪ್ಪು ಜೋಡಿ ಜೋಡಿಯಾಗಿ ಇರುವುದಿಲ್ಲ, ವಿರುದ್ಧ ಆವೇಶದ ಅಯಾನುಗಳ ಒಟ್ಟಿಲಾಗಿ ಇರುತ್ತದೆ ಎಂಬರ್ಥದ ಒಂದು ಸಾಲು ಅಚ್ಚಾಗಿತ್ತು. ಎದ್ದು ಹೋಗಿ ತೆರೆದರೆ ಸಿಗುತ್ತಿತ್ತು. ಪುಸ್ತಕ ಅದೇ ಕೋಣೆಯಲ್ಲಿತ್ತು. ಅವನು ತೆರೆಯಲಿಲ್ಲ.

ಮೇಲಿನ ಕಚೇರಿಯಲ್ಲಿ ಸಾಹೇಬರ ಮುಂದೆ ಎರಡು ಕಾಗದ ಬಂದವು. ಒಂದು, ಸಿದ್ಧಾರೂಢ ಮಾಸ್ತರನನ್ನು ನಮ್ಮ ಶಾಲೆಯಿಂದ ತೆಗೆಯಬೇಕೆಂದು ಬಸಲಿಂಗಪ್ಪ ಕೊಟ್ಟ ಅರ್ಜಿ. ಇನ್ನೊಂದು, ರಾಮದುರ್ಗದ ಖಾಲಿ ಜಾಗ ತುಂಬಬೇಕೆಂಬ ಆದೇಶ. ತೆಗೆಯಬೇಕಾದ ಮನುಷ್ಯ ಒಬ್ಬ ಇದ್ದಾನೆ, ತುಂಬಬೇಕಾದ ಜಾಗ ಒಂದು ಇದೆ. ಕಚೇರಿಯ ಬುದ್ಧಿಗೆ ಇಷ್ಟು ಸಾಕು. ಸಾಹೇಬರಿಗೆ ಪಾಠದ ಮೊದಲ ಅರ್ಧ ನಿಜವಾಗಿಯೂ ಹಿಡಿಸಿತ್ತು. "ಅರ್ಜೀನೂ ಮುಗೀತು, ಜಾಗಾನೂ ತುಂಬಿತು" ಎಂದು ಸಹಿ ಹಾಕಿದರು. ಊರಿನವರು ತಾವು ಗೆದ್ದೆವೆಂದರು. ಸಿದ್ಧಾರೂಢ ತಾನು ಗೆದ್ದೆನೆಂದ. ಹತ್ತನೆಯ ಇಯತ್ತೆಯನ್ನು ಕೃಷ್ಣವ್ವನಿಗೆ ಕೊಟ್ಟರು. ಅವಳು ಮೊದಲ ದಿನವೇ ಹರಳುಪ್ಪಿನ ಒಂದು ಗಡ್ಡೆಯನ್ನೂ ಸುತ್ತಿಗೆಯನ್ನೂ ತಂದು ಮೇಜಿನ ಮೇಲಿಟ್ಟಳು. ಹಾಡು ಇಲ್ಲ, ಸೀರೆ ಇಲ್ಲ. ಮಕ್ಕಳಿಗೆ ಮೊದಲೆರಡು ವಾರ ಬೇಸರವಾಯಿತು. ಆಗಲಿ.

ಈಗ ಸಿದ್ಧಾರೂಢ ಬೆಳಿಗ್ಗೆ ಒಂಬತ್ತೂವರೆಗೆ ಏಳುತ್ತಾನೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಡೆದೇ ತರಬೇತಿ ಕೇಂದ್ರಕ್ಕೆ ಹೋಗುತ್ತಾನೆ. ಸುತ್ತಲಿನ ಊರುಗಳಿಂದ ಬಂದ ನಲವತ್ತು ಜನ ವಿಜ್ಞಾನ ಶಿಕ್ಷಕರು ಅವನೆದುರು ಕೂರುತ್ತಾರೆ. ನಡೆದದ್ದರಿಂದ ಅವನು ಒಂದು ಪಾಠ ಕಲಿತಿದ್ದ. ಅದನ್ನು ಮೊದಲನೆಯ ದಿನವೇ ಹೇಳಿಕೊಟ್ಟ.

"ನೋಡ್ರಿ, ಬಂಧದ ಪಾಠ ಮಾಡುವಾಗ ಮೇಜಿನ ಮ್ಯಾಲ ಮಾದರಿ ಗೀದರಿ ಇಡಬ್ಯಾಡ್ರಿ. ಹುಡುಗೂರ ಗಮನ ಚದರತೈತಿ."

ನಲವತ್ತು ಜನ ಬರೆದುಕೊಂಡರು.

ಹೊಸದಾಗಿ ನೌಕರಿಗೆ ಸೇರಿದ ಬಾಯವ್ವ ಎಂಬ ಶಿಕ್ಷಕಿ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಅವಳು ಕೈ ಎತ್ತಿದಳು.

"ಸರ್, ಉಪ್ಪು ನೀರಾಗ ಹಾಕಿದ್ರ ಕರಗತೈತಲ್ರಿ. ಆವಾಗ ಆ ಬಂಧ ಏನಾಗತೈತ್ರಿ? ನಮ್ಮ ಹುಡುಗೂರು ಕೇಳತಾರ."

ಅವನು ತಲೆಯ ಮೇಲೆ ತಿರುಗುವ ಪಂಖವನ್ನು ನೋಡಿದ.

"ಅದು ಸಿಲೆಬಸ್‌ನ್ಯಾಗ ಇಲ್ಲ."

ಅದು ಸಿಲೆಬಸ್ಸಿನಲ್ಲಿತ್ತು. ಆ ಪುಟ ಬಾಯವ್ವನ ಎದುರಿಗೇ ತೆರೆದಿತ್ತು. ಅವಳು ಪುಟವನ್ನು ನೋಡಿದಳು, ಅವನ ಮುಖ ನೋಡಿದಳು, ಅಕ್ಕಪಕ್ಕದವರನ್ನು ನೋಡಿದಳು. ಯಾರೂ ತಲೆ ಎತ್ತಿರಲಿಲ್ಲ. ನೌಕರಿ ಹೊಸದು. ಅವಳು ಪುಸ್ತಕ ಮುಚ್ಚಿ, ವಹಿಯಲ್ಲಿ ಬರೆದುಕೊಂಡಳು: ಸಿಲೆಬಸ್ಸಿನಲ್ಲಿ ಇಲ್ಲ.

ಆಮೇಲೆ ಚಹಾಕ್ಕೆ ಬಿಟ್ಟರು.